ಇಂಗ್ಲೆಂಡಿನ ಆಸ್ಪತ್ರೆಯಿಂದ ಅಪ್ಪ-ಅಮ್ಮ ಮನೆಗೆ ಬರುವ ಮುನ್ನ: ಯಾರು ಏನು ಕೇಳುತ್ತಾರೆ, ಏನು ಹೇಳಬೇಕು

ಊರಲ್ಲಿ ಡಿಸ್ಚಾರ್ಜ್ ಅಂದರೆ ಬಹುಪಾಲು ಬಿಲ್ ಕಟ್ಟುವ ಕೆಲಸ. ಕೌಂಟರಿನಲ್ಲಿ ದುಡ್ಡು ಕಟ್ಟಿ, ಫೈಲ್ ಇಸ್ಕೊಂಡು, ಕಾರು ಹತ್ತಿಸಿಕೊಂಡು ಬಂದರೆ ಮುಗಿಯಿತು. ಆಮೇಲೆ ನಿಮ್ಮ ಪಾಡು ನಿಮಗೆ. ಇಲ್ಲೇ ನೆಲೆಸಿರುವ ಅಪ್ಪ-ಅಮ್ಮನಿಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಬಿಲ್ ಇರುವುದಿಲ್ಲ. ಆದರೆ ಪ್ರಶ್ನೆಗಳು ಬಹಳ. ನರ್ಸ್, ಫಿಸಿಯೋ, ಓಟಿ (ಆಕ್ಯುಪೇಷನಲ್ ಥೆರಪಿಸ್ಟ್), ಕೆಲವೊಮ್ಮೆ ಸೋಷಿಯಲ್ ವರ್ಕರ್, ಒಬ್ಬರಾದ ಮೇಲೆ ಒಬ್ಬರು ಮಂಚದ ಪಕ್ಕ ಬಂದು ಮಾತಾಡಿಸುತ್ತಾರೆ. ನೋಡುವವರಿಗೆ ಸುಮ್ನೆ ಕುಶಲ ವಿಚಾರಿಸಿದ ಹಾಗೆ ಕಾಣುತ್ತದೆ. "ಮನೆಯಲ್ಲಿ ಮೆಟ್ಟಿಲು ಇದೆಯಾ? ಸ್ನಾನ ಒಬ್ಬರೇ ಮಾಡ್ತೀರಾ? ಅಡುಗೆ ಯಾರು ಮಾಡ್ತಾರೆ?" ಮನೆಗೆ ಕೇರರ್, ಅಂದರೆ ಆರೈಕೆ ಮಾಡುವವರು, ಬರುತ್ತಾರೋ ಇಲ್ಲವೋ, ಕಮೋಡ್ ಕುರ್ಚಿ ಕೊಡುತ್ತಾರೋ ಇಲ್ಲವೋ, ಎಲ್ಲಾ ಆ ಉತ್ತರಗಳ ಮೇಲೆ ನಿಂತಿರುತ್ತದೆ.

ನಮ್ಮ ಹಿರಿಯರ ಉತ್ತರ ಗೊತ್ತಿದೆಯಲ್ಲ. "ಏನೂ ತೊಂದರೆ ಇಲ್ಲಮ್ಮ, ಮಗ ಇದ್ದಾನೆ, ಸೊಸೆ ನೋಡ್ಕೋತಾಳೆ." ಬೇರೆಯವರ ಮುಂದೆ ಕಷ್ಟ ಹೇಳಿಕೊಳ್ಳಬಾರದು, ಮಕ್ಕಳ ಮರ್ಯಾದೆ ಹೋಗಬಾರದು ಅನ್ನುವ ಲೆಕ್ಕ ಅವರದು. ಬರೆದುಕೊಳ್ಳುವವರು ಅದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುತ್ತಾರೆ: ಮನೆಯಲ್ಲಿ ಕುಟುಂಬದ ಸಹಾಯ ಇದೆ. ಮಗ ಬೆಳಗ್ಗೆ ಏಳಕ್ಕೆ ರೈಲು ಹತ್ತುತ್ತಾನೆ, ಸೊಸೆಗೆ ನೈಟ್ ಶಿಫ್ಟ್ ಇದೆ ಅನ್ನುವುದು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಹಾಗಾಗಿ ಆಸ್ಪತ್ರೆಯವರು ಕೇಳುವ ಮುಂಚೆ ನೀವು ಹಿರಿಯರ ಹತ್ತಿರ ಕೂತು ಮಾತಾಡಬೇಕು. "ಇವರು ದೂರು ಬರ್ಕೊಳ್ತಿಲ್ಲ ಅಮ್ಮಾ. ಬಚ್ಚಲಿಗೆ ಹೋಗೋಕೆ ಆಗಲ್ಲ ಅಂದ್ರೆ ಮಾತ್ರ ಅದಕ್ಕೊಂದು ಸಾಮಾನು ಕೊಡ್ತಾರೆ." ಹೀಗೆ ಹೇಳಿದರೆ ಹೆಚ್ಚಿನವರು ಬಾಯಿ ಬಿಡುತ್ತಾರೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಇದು ಇಂಗ್ಲೆಂಡಿನ ಕತೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ನಿಯಮ ಬೇರೆ. ಅಡ್ಮಿಟ್ ಆದ ಶುರುವಿನಲ್ಲೇ ಮನೆಗೆ ಹೋಗುವ ಅಂದಾಜು ದಿನ ಹಾಕುತ್ತಾರೆ. ಆ ದಿನ ಯಾವುದು ಅಂತ ನೀವೇ ಕೇಳಿ. ಆಮೇಲೆ ಒಂದು ದಿನ "ಮೆಡಿಕಲಿ ಫಿಟ್" ಅನ್ನುತ್ತಾರೆ. ಪೂರ್ತಿ ಗುಣವಾಯಿತು ಅಂತ ತಿಳಿಯಬೇಡಿ. ಆಸ್ಪತ್ರೆಯ ಹಾಸಿಗೆಯಲ್ಲೇ ಮಾಡಬೇಕಾದ ಚಿಕಿತ್ಸೆ ಇನ್ನು ಬಾಕಿ ಇಲ್ಲ, ಅಷ್ಟೇ. ಅಮ್ಮ ಇನ್ನೂ ಸರಿಯಾಗಿ ಎದ್ದು ನಿಲ್ಲಲಾರದೆ ಇರಬಹುದು. ಅವರನ್ನು ಬೇಗ ಕಳಿಸುವುದರ ಹಿಂದೆ ಹಾಸಿಗೆಯ ಕೊರತೆ ಇದೆ, ಸುಳ್ಳಲ್ಲ. ಆದರೆ ವಯಸ್ಸಾದವರು ಮಲಗಿದಷ್ಟೂ ಕಾಲಿನ ಬಲ ಬೇಗ ಇಳಿಯುತ್ತದೆ, ಸೋಂಕಿನ ಭಯ, ತಲೆ ಗೊಂದಲವಾಗುವ ಭಯ ಎರಡೂ ಇವೆ. ಇನ್ನೊಂದು ನಾಲ್ಕು ದಿನ ಇಲ್ಲೇ ಇರಲಿ ಬಿಡಿ ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ನಡೆಯದೆ ಇರುವುದು ಬಹಳ ಸಲ ಒಳ್ಳೆಯದೇ.

ಮನೆಗೆ ಹೋಗುವ ದಾರಿಗೆ "ಪಾಥ್‌ವೇ" ಅನ್ನುತ್ತಾರೆ, ಸೊನ್ನೆಯಿಂದ 3ರವರೆಗೆ. ಸೊನ್ನೆ ಅಂದರೆ ಹೊಸ ಸಹಾಯ ಏನೂ ಇಲ್ಲದೆ ಮನೆಗೆ. 1 ಅಂದರೆ ಮನೆಗೇ, ಆದರೆ ಕೇರರ್ ಅಥವಾ ಥೆರಪಿಯ ಜೊತೆ. 2 ಅಂದರೆ ಸ್ವಲ್ಪ ದಿನ ಬೇರೆ ಕಡೆ ಹಾಸಿಗೆ, ಅಲ್ಲಿ ನಡಿಗೆ ಗಿಡಿಗೆ ಅಭ್ಯಾಸ ಮಾಡಿಸುತ್ತಾರೆ. 3 ಅಂದರೆ ಕೇರ್ ಹೋಮ್. "ಅಮ್ಮ ಯಾವ ಪಾಥ್‌ವೇಯಲ್ಲಿ ಇದ್ದಾರೆ?" ಅಂತ ಕೇಳಿದರೆ ವಾರ್ಡಿನವರು ನೇರ ಉತ್ತರ ಕೊಡುತ್ತಾರೆ. ಸೊನ್ನೆ ಅಂದರು, ನಿಮಗೆ ಸರಿ ಅನಿಸಲಿಲ್ಲ ಅಂದರೆ ಮಾತಾಡುವ ಸಮಯ ಅದೇ. ಸಾಮಾನು ಪ್ಯಾಕ್ ಮಾಡುವಾಗ ಅಲ್ಲ. 2022ರ ಹೆಲ್ತ್ ಅಂಡ್ ಕೇರ್ ಕಾಯ್ದೆಯ ಪ್ರಕಾರ, ಮನೆಯಲ್ಲಿ ಆರೈಕೆ ಬೇಕಾಗಬಹುದು ಅನ್ನುವ ರೋಗಿಯ ಡಿಸ್ಚಾರ್ಜ್ ಯೋಜನೆ ಮಾಡುವಾಗ ರೋಗಿಯನ್ನೂ ನೋಡಿಕೊಳ್ಳುವವರನ್ನೂ ಆದಷ್ಟು ಬೇಗ ಒಳಗೊಳ್ಳಬೇಕು. ಹಾಗಾಗಿ ಹಿಂಜರಿಯದೆ ಕೇಳಿ.

ಇನ್ನು ಆ ಮಾತುಕತೆಗೆ ಬರೋಣ.

ನೆನಪಿನ ಪರೀಕ್ಷೆ ಒಂದಿದೆ. ವಯಸ್ಸಾದವರಿಗೆ ಗೊಂದಲ ಇದೆಯಾ ಅಂತ ತಿಳಿಯಲು ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಇದು ಯಾವ ಇಸವಿ, ಎಲ್ಲಿದ್ದೀರಿ ಅಂತ ಕೇಳುತ್ತಾರೆ. ತಿಂಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸುತ್ತಾರೆ. ಹಳೆಯ ಹತ್ತು ಪ್ರಶ್ನೆಯ ಪಟ್ಟಿಯಲ್ಲಿ ಮೊದಲ ಮಹಾಯುದ್ಧದ ಇಸವಿ, ಇಲ್ಲಿನ ರಾಜ ಯಾರು ಅನ್ನುವುದೂ ಇದೆ. ಈಗ ಯೋಚಿಸಿ. ನಮ್ಮಲ್ಲಿ ಎಷ್ಟೋ ಹಿರಿಯರಿಗೆ ಎರಡು ಹುಟ್ಟಿದ ದಿನ. ಒಂದು ನಿಜವಾದದ್ದು, ಇನ್ನೊಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಪಾಸ್‌ಪೋರ್ಟಿನಲ್ಲಿರುವುದು ಮೇಷ್ಟ್ರದು. ಅಜ್ಜಿ "ಯುಗಾದಿ ಆದ ಮೇಲೆ ನಾಲ್ಕನೇ ದಿನ" ಅಂದರೆ ಅವರಿಗೆ ಗೊಂದಲ ಇಲ್ಲ. ಆದರೆ ಕಂಪ್ಯೂಟರಿನ ತಾರೀಖಿಗೆ ಹೊಂದದ ಉತ್ತರಕ್ಕೆ ಅಂಕ ಹೋಗುತ್ತದೆ. ಇದನ್ನು ನರ್ಸ್‌ಗೆ ಮೊದಲೇ ಹೇಳಿಡಿ. ಹಾಗೆಯೇ, ಅಜ್ಜಿ ನಿಜಕ್ಕೂ ಎಂದಿನ ಹಾಗಿಲ್ಲ, ಮಾತು ತಪ್ಪುತ್ತಿದೆ ಅನಿಸಿದರೆ ಅದನ್ನೂ ಹೇಳಿ. ಅವರ ಎಂದಿನ ರೀತಿ ಗೊತ್ತಿರುವುದು ನಿಮಗೆ ಮಾತ್ರ.

ಓಟಿ ಅಂದರೆ ಇಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವವರು. ಅಪ್ಪನಿಗೆ ಮುಂಚೆಯೇ ಹೇಳಿ, ಇಲ್ಲದಿದ್ದರೆ "ನಾಳೆ ಓಟಿ" ಅಂದ ತಕ್ಷಣ ಆಪರೇಷನ್ ಅಂದುಕೊಂಡು ರಾತ್ರಿಯೆಲ್ಲಾ ನಿದ್ದೆ ಬಿಡುತ್ತಾರೆ. ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯವಾದ ಮಾತುಕತೆ ಇವರದೇ. ಮಂಚದ ಎತ್ತರ, ದಿನಾ ಕೂರುವ ಕುರ್ಚಿಯ ಎತ್ತರ, ಟಾಯ್ಲೆಟ್ ಸೀಟಿನ ಎತ್ತರ ನೆಲದಿಂದ ಎಷ್ಟು ಸೆಂಟಿಮೀಟರ್ ಅಂತ ಕೇಳುತ್ತಾರೆ. ಮೆಟ್ಟಿಲು ಎಷ್ಟು, ಹಿಡಿಕಂಬಿ ಹತ್ತುವಾಗ ಎಡಕ್ಕೋ ಬಲಕ್ಕೋ ಅಂತಲೂ ಕೇಳುತ್ತಾರೆ. ಇಲ್ಲಿನ ಹಳೆಯ ಸಾಲುಮನೆಗಳಲ್ಲಿ ಟಾಯ್ಲೆಟ್ ಮಹಡಿಯ ಮೇಲೆ, ಮೆಟ್ಟಿಲು ಕಡಿದು. ಟೇಪ್ ಹಿಡಿದು ಅಳೆದು, ಫೋಟೋ ತೆಗೆದುಕೊಂಡು ಹೋಗಿ.

ಅವರು ಕೇಳದೆ ಇರುವುದನ್ನೂ ನೀವು ಹೇಳಬೇಕು. ಅಮ್ಮ ಶವರಿನಲ್ಲಿ ನಿಂತು ಸ್ನಾನ ಮಾಡುವುದಿಲ್ಲ, ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಹಾಕಿಕೊಳ್ಳುತ್ತಾರೆ, ಅದಕ್ಕೆ ಬಗ್ಗಬೇಕು. ಟಾಯ್ಲೆಟ್ಟಿನಲ್ಲಿ ನೀರು ಬಳಸುತ್ತಾರೆ, ಎಡಗೈಯಲ್ಲಿ. ಸ್ಟ್ರೋಕ್ ಆಗಿ ಎಡಗೈ ಸೋತಿದ್ದರೆ ಇದು ಎಷ್ಟು ದೊಡ್ಡ ತೊಂದರೆ ಅಂತ ಇಲ್ಲಿನವರಿಗೆ ತಾನಾಗಿ ಹೊಳೆಯುವುದಿಲ್ಲ. ಪೂಜೆಗೆ ನೆಲದ ಮೇಲೆ ಕೂರುತ್ತಾರೆ. ವಾಕಿಂಗ್ ಫ್ರೇಮ್ ಹಿಡಿದು ಸೀರೆಯಲ್ಲಿ ನಡೆಯುತ್ತಾರೆ, ನೆರಿಗೆ ಕಾಲಿಗೆ ಸಿಕ್ಕುತ್ತದೆ. ಹಾಗಾದರೆ ನಡಿಗೆಯ ಅಭ್ಯಾಸವನ್ನೂ ಸೀರೆಯಲ್ಲೇ ಮಾಡಿಸಲಿ, ಆಸ್ಪತ್ರೆಯ ಗೌನಿನಲ್ಲಿ ಅಲ್ಲ. ಕೆಲವು ಕಡೆ ಓಟಿ ಅಡುಗೆಮನೆ ಇರುತ್ತದೆ. ಅಲ್ಲಿ ಎಲೆಕ್ಟ್ರಿಕ್ ಕೆಟಲಿನಲ್ಲಿ ನೀರು ಕಾಯಿಸಿ, ಟೀ ಬ್ಯಾಗ್ ಹಾಕಿ ಒಂದು ಕಪ್ ಟೀ ಮಾಡಲು ಹೇಳುತ್ತಾರೆ. ಜೀವಮಾನವೆಲ್ಲಾ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿದ ಅಜ್ಜಿ ಆ ಕೆಟಲ್ ಮುಂದೆ ನಿಂತು ತಬ್ಬಿಬ್ಬಾದರೆ ಅದು ಮರೆವಲ್ಲ, ಅಲ್ವಾ? "ಇವರು ಮನೆಯಲ್ಲಿ ಮಾಡುವುದು ಹೀಗೆ" ಅಂತ ಹೇಳಿ, ಅವರಿಗೆ ಗೊತ್ತಿರುವ ಕೆಲಸ ಕೊಡಿಸಿ.

ಕಮೋಡ್, ಎತ್ತರದ ಸೀಟು, ಹಿಡಿಕೆಯಂಥ ಸಲಕರಣೆ ಬೇಕು ಅಂತ ತೀರ್ಮಾನವಾದರೆ ದುಡ್ಡು ಕೊಡಬೇಕಿಲ್ಲ. 1,000 ಪೌಂಡಿನೊಳಗಿನ ಸಣ್ಣಪುಟ್ಟ ಮನೆ ಬದಲಾವಣೆಗೂ ಹಾಗೇ. ಬೇಕಾದ ಸಾಮಾನು ಮನೆಗೆ ಬಂದ ಮೇಲೆ ರೋಗಿ ಬರಲಿ ಅಂತ ಮೊದಲೇ ಮಾತಾಡಿಕೊಳ್ಳಿ.

ಭಾಷೆಯ ವಿಷಯ. ದುಭಾಷಿಯನ್ನು ಕೊಡುವುದು ಎನ್‌ಎಚ್‌ಎಸ್ ಜವಾಬ್ದಾರಿ, ಖರ್ಚು ನಿಮ್ಮದಲ್ಲ. ಬಹಳ ಸಲ ಫೋನಿನಲ್ಲಿ ಸಿಗುತ್ತಾರೆ. "ಕನ್ನಡ" ಅಂತಲೇ ಬಿಡಿಸಿ ಹೇಳಿ, ಇಲ್ಲದಿದ್ದರೆ ಹಿಂದಿಯವರು ಬಂದು ಕೂರುತ್ತಾರೆ. ನಾನೇ ಹೇಳ್ತೀನಿ ಬಿಡಿ ಅನ್ನುವ ಆಸೆ ನಮಗೆ. ಆದರೆ ಮೂತ್ರ ತಡೆಯಲು ಆಗುತ್ತಿಲ್ಲ ಅಂತ ಅಪ್ಪ ಸೊಸೆಯ ಮುಂದೆ ಹೇಳುವುದಿಲ್ಲ. ಮಗನ ಮುಂದೆಯೂ ಹೇಳದೆ ಇರಬಹುದು. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂದರೆ "ಸ್ವಲ್ಪ" ಅನ್ನುತ್ತಾರೆ. ಪಕ್ಕ ಹೊರಳುವಾಗ ಹಲ್ಲು ಕಚ್ಚುವುದನ್ನು ನೋಡಿದವರು ನೀವು, ಅದನ್ನು ಹೇಳಿ.

ತೀರ್ಮಾನ ಯಾರದು? ಇಲ್ಲಿ ಬಹಳ ಜನ ಎಡವುತ್ತಾರೆ. 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆ ಪ್ರಕಾರ, ತಿಳಿದು ಯೋಚಿಸುವ ಶಕ್ತಿ ಇರುವ ತನಕ ತೀರ್ಮಾನ ರೋಗಿಯದೇ. ಹಿರಿಮಗ ಅನ್ನುವ ಕಾರಣಕ್ಕೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. "ಅಪ್ಪನಿಗೆ ಹೇಳಬೇಡಿ, ನನಗೆ ಹೇಳಿ" ಅಂದರೆ ಡಾಕ್ಟರ್ ಒಪ್ಪುವುದಿಲ್ಲ. ಮುಂದೆ ಶಕ್ತಿ ಹೋದಾಗ ಮಕ್ಕಳು ತೀರ್ಮಾನಿಸಬೇಕು ಅಂದರೆ ಈಗಲೇ ಆರೋಗ್ಯದ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ತೀರ್ಮಾನಿಸಲು ಕೊಡುವ ಅಧಿಕಾರಪತ್ರ) ಮಾಡಿಸಿ ನೋಂದಾಯಿಸಬೇಕು. ಹೃದಯ ನಿಂತರೆ ಸಿಪಿಆರ್ (ಎದೆ ಒತ್ತಿ ಹೃದಯವನ್ನು ಮತ್ತೆ ನಡೆಸುವ ಪ್ರಯತ್ನ) ಮಾಡಬೇಕೋ ಬೇಡವೋ ಅನ್ನುವ ಮಾತೂ ಈ ಹಂತದಲ್ಲಿ ಬರಬಹುದು. ಕೇಳಿ ಎದೆ ಧಸಕ್ಕೆನ್ನುತ್ತದೆ. ಸಿಪಿಆರ್ ಬೇಡ ಅಂದ ಮಾತ್ರಕ್ಕೆ ಉಳಿದ ಚಿಕಿತ್ಸೆ ನಿಲ್ಲುವುದಿಲ್ಲ.

ಮನೆಯಲ್ಲಿ ನೋಡಿಕೊಳ್ಳುವವರ ಬಗ್ಗೆ. ಭಾರತದಲ್ಲಿ 2007ರ ಕಾಯ್ದೆ ಮಕ್ಕಳ ಮೇಲೆ ಹೆತ್ತವರ ಹೊಣೆ ಹೊರಿಸುತ್ತದೆ. ಇಂಗ್ಲೆಂಡಿನಲ್ಲಿ ಅಂಥ ಕಾನೂನಿಲ್ಲ. ನಿಮಗೆ ಮನಸ್ಸಿದೆಯಾ, ಆಗುತ್ತದೆಯಾ ಅಂತ ಕೇಳಿಯೇ ಮುಂದುವರಿಯಬೇಕು. "ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆಯಲ್ಲಿ ಯಾರೂ ಇಲ್ಲ" ಅಂತ ಗಂಟೆ ಲೆಕ್ಕದಲ್ಲಿ ಹೇಳಿ. 2014ರ ಕೇರ್ ಕಾಯ್ದೆಯಲ್ಲಿ ನೋಡಿಕೊಳ್ಳುವವರಿಗೇ ಏನು ನೆರವು ಬೇಕು ಅಂತ ನೋಡುವ ಒಂದು ಅಸೆಸ್‌ಮೆಂಟ್ ಇದೆ, ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಲ್ಲಿ ಕೇಳಿ ಮಾಡಿಸಿಕೊಳ್ಳಬಹುದು. ಮತ್ತೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾಗಲಿ ಅಂತ ಕೊಡುವ ತಾತ್ಕಾಲಿಕ ನೆರವು, ಅಂದರೆ ರೀಏಬಲ್‌ಮೆಂಟ್, 6 ವಾರದವರೆಗೆ ಉಚಿತ. ಬೇಗ ಚೇತರಿಸಿಕೊಂಡರೆ ಮೊದಲೇ ನಿಲ್ಲಿಸುತ್ತಾರೆ. ಆಮೇಲೂ ಬೇಕಾದರೆ ಕೌನ್ಸಿಲ್ ಹಣಕಾಸು ನೋಡುತ್ತದೆ: ಉಳಿತಾಯ 23,250 ಪೌಂಡಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಖರ್ಚು ನಿಮ್ಮದೇ. ಮನೆಯಲ್ಲೇ ಆರೈಕೆ ಪಡೆಯುವಾಗ ವಾಸದ ಮನೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇರರ್ ಬಂದು ಮುದ್ದೆ ತೊಳಸಿ ಕೊಡುತ್ತಾರೆ ಅಂತ ಮಾತ್ರ ಕಾಯಬೇಡಿ. ಇದ್ದದ್ದನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಕೊಡುವಷ್ಟೇ ಸಮಯ ಇರುತ್ತದೆ. ಅಮ್ಮನ ಸ್ನಾನಕ್ಕೆ ಹೆಂಗಸೇ ಬೇಕು ಅಂತ ಮೊದಲೇ ಬರೆಸಿ.

ಮಾತ್ರೆ. ಹೊರಡುವ ದಿನ ಜಾಸ್ತಿ ಹೊತ್ತು ಕಾಯಿಸುವುದು ಇದೇ. ಊರಿಂದ ತಂದ ಮಾತ್ರೆಗಳನ್ನೂ, ಆಯುರ್ವೇದದ್ದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಫಾರ್ಮಸಿಸ್ಟ್‌ಗೆ ತೋರಿಸಿ. ಊರಿನ ಗ್ಲೈಕೋಮೆಟ್, ಇಲ್ಲಿನ ಮೆಟ್‌ಫಾರ್ಮಿನ್ ಎರಡೂ ಒಂದೇ. ಎರಡನ್ನೂ ನುಂಗಿದರೆ ಡಬಲ್ ಆಯಿತು. "ಗೊತ್ತಾಯ್ತಾ?" ಅಂದರೆ ಎಲ್ಲರೂ ಹ್ಞೂಂ ಅನ್ನುತ್ತಾರೆ. "ರಾತ್ರಿ ಯಾವುದು ತಗೋತೀಯ, ತೋರಿಸಮ್ಮ" ಅಂತ ಅವರ ಕೈಯಿಂದಲೇ ತೆಗೆಸಿ ನೋಡಿ.

ಇಷ್ಟಾದ ಮೇಲೂ ಕಳಿಸುವುದು ಅಪಾಯ ಅನಿಸಿದರೆ ವಾರ್ಡಿನ ಹೊಣೆ ಹೊತ್ತ ನರ್ಸ್ ಹತ್ತಿರ ನೇರ ಹೇಳಿ, ಕಾರಣ ಸಮೇತ: "ಒಬ್ಬರೇ ಎದ್ದು ಟಾಯ್ಲೆಟ್ಟಿಗೆ ಹೋಗಲಾರರು, ರಾತ್ರಿ ಕೆಳಗಿನ ಮಹಡಿಯಲ್ಲಿ ಯಾರೂ ಇರುವುದಿಲ್ಲ." ಕೇಳದಿದ್ದರೆ ರೋಗಿಗಳ, ಮನೆಯವರ ಅಹವಾಲು ಕೇಳುವ ಆಸ್ಪತ್ರೆಯ ಪಾಲ್ಸ್ ಕಚೇರಿ ಇದೆ. ಚಿಕಿತ್ಸೆ ಮುಗಿದ ಮೇಲೆ ಹಾಸಿಗೆ ಬಿಡುವುದಿಲ್ಲ ಅಂತ ಕೂರುವ ಹಕ್ಕು ಮಾತ್ರ ಇಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನ ಲೆಕ್ಕ ಬೇರೆ: ಅಡ್ಮಿಟ್ ಆದರೆ ಸಾಮಾನ್ಯವಾಗಿ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. 500 ಪೌಂಡಿನ ಮೇಲಿನ ಬಾಕಿ ಎರಡು ತಿಂಗಳು ದಾಟಿದರೆ ವೀಸಾ ನೋಡುವ ಹೋಮ್ ಆಫೀಸಿಗೆ ಆಸ್ಪತ್ರೆಯವರು ತಿಳಿಸಬಹುದು, ಮುಂದಿನ ವೀಸಾಕ್ಕೆ ತೊಡಕು. ಅವರ ಟ್ರಾವೆಲ್ ಇನ್ಶೂರೆನ್ಸ್ ಕಂಪನಿಗೆ ಅಡ್ಮಿಟ್ ಆದ ದಿನವೇ ಫೋನ್ ಮಾಡಿ.

ಹೊರಡುವಾಗ ಡಿಸ್ಚಾರ್ಜ್ ಪತ್ರದ ಪ್ರತಿ ಕೈಯಲ್ಲಿರಲಿ, ಮನೆಗೆ ಬರುವ ಕೇರರ್ ತಂಡದ ನಂಬರ್ ಬರೆಸಿಕೊಳ್ಳಿ. ಶುಕ್ರವಾರ ಸಂಜೆ ಕಳಿಸುತ್ತಿದ್ದಾರೆ ಅಂದರೆ ಶನಿವಾರ ಬೆಳಗ್ಗೆ ಯಾರು ಬರುತ್ತಾರೆ ಅಂತ ಹೆಸರು ಕೇಳಿ ತಿಳಿದುಕೊಂಡೇ ಹೊರಡಿ.