ಫ್ಲೆಕ್ಸ್ ಅಂಗಡಿಯಲ್ಲಿ ಕೂತು ನಗೆ ಸಿನಿಮಾ ಬರೆಯುವುದು ಹೇಗೆ

ಹಾಸನದ ಬಿ.ಎಂ. ರಸ್ತೆಗೆ ಹತ್ತಿಕೊಂಡ ಒಂದು ಸಂದಿಯಲ್ಲಿ ನನ್ನ ಫ್ಲೆಕ್ಸ್ ಅಂಗಡಿ. ಹಗಲು ಫ್ಲೆಕ್ಸ್, ರಾತ್ರಿ ಸ್ಕ್ರಿಪ್ಟ್. ದುಡ್ಡು, ರಾಜಕೀಯ, ದೊಡ್ಡಸ್ತಿಕೆ ಮೂರೂ ಸೇರಿದ ಕಾಮಿಡಿ ಬರೆಯಬೇಕು, ಎಲ್ಲಿಂದ ಶುರು ಮಾಡೋದಣ್ಣ ಅಂತ ಹುಡುಗರು ಕೇಳಿಕೊಂಡು ಬರುತ್ತಾರೆ. ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಹಳೇ ಫೈಲ್ ತೆಗೆಯುತ್ತೇನೆ.

ಯುಗಾದಿ ಶುಭಾಶಯದ ಫ್ಲೆಕ್ಸ್. ಮೇಲ್ಗಡೆ ದೊಡ್ಡ ನಾಯಕರು, ಪಕ್ಕದಲ್ಲಿ ಕೈ ಮುಗಿದು ನಿಂತ ನಮ್ಮ ಗಿರಾಕಿ, ಕೆಳಗೆ ಸ್ಟಾಂಪ್ ಸೈಜಿನಲ್ಲಿ ಹುಡುಗರ ಮುಖಗಳು. ಗಿರಾಕಿ ಮೊದಲು ಬಂದು, ‘ನನ್ನ ತಲೆ ಸ್ವಲ್ಪ ದೊಡ್ಡದು ಮಾಡಯ್ಯ’ ಅಂದರು. ಮಾಡಿದೆ. ಸಂಜೆ ಬಂದು, ‘ಸಾಹೇಬ್ರಿಗಿಂತ ದೊಡ್ಡದಾಯ್ತು, ಇಳಿಸು’ ಅಂದರು. ಇಳಿಸಿದೆ. ರಾತ್ರಿ ಫೋನ್: ‘ನಮ್ ಬಾಮೈದನ ತಲೆಗಿಂತ ಚಿಕ್ಕದಾಗ್ಬಿಡ್ತು!’ ಕೊನೆಗೆ ಬಾಮೈದನನ್ನೇ ತೆಗೆಸಿದರು. ಮಾರನೇ ದಿನ ಬಾಮೈದ ಬಂದು ಬೇರೆ ಫ್ಲೆಕ್ಸಿಗೆ ಆರ್ಡರ್ ಕೊಟ್ಟರು. ಎರಡು ಅಡಿ ಅಗಲ ಜಾಸ್ತಿ.

ನಿಮ್ಮ ಹೀರೋಗೆ ಏನು ಬೇಕು ಅನ್ನುವುದನ್ನು ಹೀಗೆ ಅಡಿ, ಇಂಚಿನ ಲೆಕ್ಕದಲ್ಲಿ ಬರೆಯಿರಿ. ‘ಅವನಿಗೆ ಅಧಿಕಾರದ ಆಸೆ’ ಅಂದರೆ ಯಾರಿಗೂ ನಗು ಬರುವುದಿಲ್ಲ. ಮದುವೆ ಛತ್ರದಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಮುಂದಿನ ಸೋಫಾದಲ್ಲಿ ಕೂರಬೇಕು ಅಂತಿದ್ದರೆ ಬರುತ್ತದೆ.

ದುಡ್ಡು ಎಲ್ಲಿಂದ ಬಂತು ಅಂತ ಶುರುವಿನಲ್ಲೇ ಹೇಳಿಬಿಡಿ. ನಮ್ಮ ಕಡೆ ಶುಂಠಿಗಿಂತ ಒಳ್ಳೇ ವಸ್ತು ಸಿಗುವುದಿಲ್ಲ. 60 ಕೆ.ಜಿ. ಚೀಲದ ಲೆಕ್ಕ, ಗುತ್ತಿಗೆ ಜಮೀನು, ಕೊಳೆ ರೋಗದ ಭಯ. 2023ರ ಮಳೆಗಾಲದಲ್ಲಿ ರೇಟು ಎಷ್ಟು ಏರಿತೆಂದರೆ ರಾತ್ರಿ ಹೊಲ ಕಾಯಬೇಕಾಯಿತು. ಆಮೇಲೆ ಬಿತ್ತು. ನನ್ನ ಹೀರೋ ಆ ಸೀಸನ್ನಿನಲ್ಲೇ ದೊಡ್ಡ ಮನುಷ್ಯನಾದವನು. ಶುಂಠಿ ರೇಟು ಇಳಿದರೂ ಕಾರಿನ ಇಎಂಐ ಇಳಿಯಲಿಲ್ಲ. ಅವನ ಅವಸರವೆಲ್ಲ ಅಲ್ಲಿಂದ.

ರಾಜಕೀಯಕ್ಕೆ ಗ್ರಾಮ ಪಂಚಾಯ್ತಿ ಸಾಕು. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾವ ಪಕ್ಷ ಅಂತ ಊರಿನ ನಾಯಿಗೂ ಗೊತ್ತು. ವಿಧಾನಸಭೆಗೇ ಹೋಗುತ್ತೀರಾದರೆ ಖರ್ಚಿನ ಪುಸ್ತಕವನ್ನು ಬಿಡಬೇಡಿ. ಅಭ್ಯರ್ಥಿಗೆ ಮಿತಿ 40 ಲಕ್ಷ. ಟೀ, ಕುರ್ಚಿ, ಫ್ಲೆಕ್ಸ್ ಎಲ್ಲಕ್ಕೂ ದರಪಟ್ಟಿ. ಸೋತವರೊಬ್ಬರು ನನಗೆ ಇವತ್ತಿಗೂ ಬಾಕಿ ಕೊಡಬೇಕು. ಅವರ ಪುಸ್ತಕದಲ್ಲಿ ಮಾತ್ರ ನಾನು ಆಗಲೇ ದುಡ್ಡು ತಗೊಂಡಾಗಿದೆ.

ಈ ಮೂರೂ ಒಂದೇ ಕಡೆ ಸೇರುವ ಜಾಗ ಹುಡುಕಿ. ನನಗೆ ಸಿಕ್ಕಿದ್ದು ಹಾಸನಾಂಬೆ ದರ್ಶನದ ಸಾಲು. ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ, ಕೆಲವೇ ದಿನ. ಧರ್ಮದರ್ಶನಕ್ಕೆ ದುಡ್ಡಿಲ್ಲ. ಬೇಗ ಹೋಗುವವರಿಗೆ 300 ಮತ್ತು 1000 ರೂಪಾಯಿ ಟಿಕೆಟ್. ಹೀರೋ ಹೆಂಡತಿ ಹೇಳುತ್ತಾಳೆ, ‘ಸಾವಿರದ್ದೇ ತಗೊಂಡು ಹೋಗೋಣ ರೀ.’

‘ಟಿಕೆಟ್ ಯಾರು ಬೇಕಾದ್ರೂ ತಗೋತಾರೆ ಕಣೇ.’

ಅವನಿಗೆ ಬೇಕಾದ್ದು ಪಾಸು. ದುಡ್ಡು ಕೊಟ್ಟರೆ ಸಿಗದ್ದು. ಅದಕ್ಕೆ ಸಾಹೇಬರ ಪಿ.ಎ. ಮನೆಗೆ ಎರಡು ನಾಟಿ ಕೋಳಿ, ಒಂದು ಚೀಲ ಶುಂಠಿ, ಅವರ ಮಗುವಿನ ನಾಮಕರಣಕ್ಕೆ ಬೆಳ್ಳಿ ಲೋಟ. ಬಿಟ್ಟಿ ಪಾಸಿಗೆ ಇಪ್ಪತ್ತು ಸಾವಿರ ಖರ್ಚು. ಹೋಗಿ ನೋಡಿದರೆ ಊರಿನವರೆಲ್ಲ ಪಾಸು ಹಿಡಿದು ನಿಂತಿದ್ದಾರೆ. ಸಾಲು ಅಲ್ಲಾಡುತ್ತಿಲ್ಲ. ಬೇಜಾರಾಗಿ ಧರ್ಮದರ್ಶನಕ್ಕೆ ನಿಂತಿದ್ದ ಹೆಂಡತಿ ಬ್ಯಾರಿಕೇಡಿನ ಆ ಕಡೆಯಿಂದ ಪ್ರಸಾದದ ದೊನ್ನೆ ಚಾಚುತ್ತಾಳೆ. ಅವನು ತಿನ್ನುವ ಮುಂಚೆ ಪಾಸನ್ನು ಶರ್ಟಿನ ಒಳಗೆ ಹಾಕಿಕೊಳ್ಳುತ್ತಾನೆ.

ಇಲ್ಲಿ ಯಾರ ಬಾಯಲ್ಲೂ ಬುದ್ಧಿಮಾತು ಹೇಳಿಸಬೇಡಿ. ಮೊದಲ ಡ್ರಾಫ್ಟಿನಲ್ಲಿ ಒಬ್ಬ ತಾತ ಎರಡು ನಿಮಿಷ ಉಪದೇಶ ಮಾಡುತ್ತಿದ್ದ. ಓದಿ ಹೇಳುವಾಗ ಗೆಳೆಯ ಬೀಡಿ ಸೇದುವುದಕ್ಕೆ ಎದ್ದು ಹೋದ. ತಾತನನ್ನು ತೆಗೆದೆ. ದೇವಿಯ ಸುದ್ದಿಗೂ ಹೋಗಬೇಡಿ, ನಗು ಸಾಲಿನ ಮೇಲೆ ಮಾತ್ರ ಇರಲಿ. ಶೂಟಿಂಗಿಗೆ ಗುಡಿಯೂ ಬೇಡ. ಯಾವುದಾದರೂ ಮೈದಾನದಲ್ಲಿ ನಾಲ್ಕು ಬ್ಯಾರಿಕೇಡ್ ಕಟ್ಟಿ, ನೆಂಟರನ್ನು ನಿಲ್ಲಿಸಿದರೆ ಆಯ್ತು.

ಸಾಹೇಬರನ್ನು ತೋರಿಸಲೇಬೇಡಿ. ಕಾರಿನ ಕಪ್ಪು ಗ್ಲಾಸು ನಾಲ್ಕು ಬೆರಳು ಇಳಿಯಲಿ, ಸಾಕು. ಮುಖ ಕಂಡರೆ ಜನ ಇವರು ಇಂಥವರೇ ಅಂತ ಹುಡುಕಲು ಕೂರುತ್ತಾರೆ, ನಿಮಗೆ ತಲೆನೋವು. ಪಕ್ಷದ ಹೆಸರೂ ಕಟ್ಟಿದ್ದೇ ಇರಲಿ. ಬಣ್ಣ ಹುಡುಕುವುದು ಕಷ್ಟ, ಎಲ್ಲವನ್ನೂ ಯಾರಾದರೂ ಹಿಡಿದಿದ್ದಾರೆ. ನಾನು ಬದನೆಕಾಯಿ ಬಣ್ಣಕ್ಕೆ ಬಂದು ನಿಂತೆ.

ಅಳತೆ ಸುಲಭ. ಒಂದು ಪುಟ ಅಂದರೆ ಹೆಚ್ಚುಕಮ್ಮಿ ಒಂದು ನಿಮಿಷ. ಮೊದಲ ಸಲ ಇಪ್ಪತ್ತು ಪುಟ ದಾಟಬೇಡಿ. ಥಿಯೇಟರಿಗೆ ಹಾಕುವುದಾದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು.

ಬರೆದು ಮುಗಿಸಿದ ಮೇಲೆ ಸಿನಿಮಾ ಹುಚ್ಚಿನ ಗೆಳೆಯರಿಗೆ ಓದಬೇಡಿ, ಅವರು ಚೆನ್ನಾಗಿದೆ ಮಗಾ ಅಂತಾರೆ. ಯಾರನ್ನು ನೋಡಿ ಬರೆದಿರೋ ಅವರಿಗೇ ಓದಿ. ಅವರು ಸುಮ್ಮನಾಗಿಬಿಟ್ಟರೆ ಎಲ್ಲೋ ಜಾಸ್ತಿ ಚುಚ್ಚಿದ್ದೀರಿ ಅಂತ, ತಿದ್ದಿ. ನಾನು ಆ ಯುಗಾದಿ ಗಿರಾಕಿಗೆ ಓದಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ‘ನಮ್ ಬಾಮೈದನ್ನ ಥೇಟ್ ಹಂಗೇ ಇಳಿಸಿಬಿಟ್ಟಿದ್ದೀಯಲ್ಲಯ್ಯಾ’ ಅಂದರು. ಪೋಸ್ಟರಿನ ಖರ್ಚು ತಮ್ಮದೇ ಅಂದರು. ಅಡ್ವಾನ್ಸ್ ಅಲ್ಲೇ ತಗೊಂಡೆ.