ರಾಣಿಯನ್ನು 24 ದಿನ ಜೈಲಿಗೆ ಹಾಕಿದೆ, ನುಸಿ ಇಳಿಯಿತು

ನನ್ನದು ಜೇನು ಸಾಕಣೆ, 60 ಪೆಟ್ಟಿಗೆ ಮೆಲ್ಲಿಫೆರಾ, ಅಂದರೆ ಯುರೋಪ್ ಮೂಲದ ಜೇನುನೊಣ. ಜನವರಿಯಿಂದ ಮಾರ್ಚ್‌ವರೆಗೆ ಸುಳ್ಯದ ರಬ್ಬರ್ ತೋಟ, ಆಮೇಲೆ ಹಿರಿಯೂರು ಕಡೆ ನಮ್ಮ ಹೊಲ, ಆಗಸ್ಟಿಗೆ ಸುತ್ತಮುತ್ತಲ ಸೂರ್ಯಕಾಂತಿ. ಈಗ ಎರಡು ವರ್ಷದಿಂದ ಒಂದೂ ಫ್ಲುವಾಲಿನೇಟ್ ಪಟ್ಟಿ (ನೊಣಕ್ಕೆ ಅಂಟುವ ವರೋವಾ ನುಸಿ ಕೊಲ್ಲಲು ಪೆಟ್ಟಿಗೆಯೊಳಗೆ ನೇತುಹಾಕುವ ಔಷಧಿ) ಹಾಕಿಲ್ಲ. "ರಾಣಿಯನ್ನು ಕೂಡಿ ಹಾಕಿದರೆ ಸಂಸಾರ ನಡೆಯುತ್ತದಾ ಮಾರಾಯಾ" ಅಂತ ಸುಳ್ಯದ ಗೆಳೆಯರು ನಕ್ಕಿದ್ದರು. ಅವರಿಗಾಗಿ ಬರೆಯುತ್ತಿದ್ದೇನೆ.

ಪಟ್ಟಿ ಮೊದಲೆರಡು ವರ್ಷ ಚೆನ್ನಾಗೇ ನಡೆಯಿತು. ತಳಹಲಗೆ ಮೇಲೆ ಸಾಸಿವೆ ಚೆಲ್ಲಿದ ಹಾಗೆ ನುಸಿ ಉದುರುತ್ತಿತ್ತು. ಆರೆಂಟು ವಾರಕ್ಕೆ ತೆಗೆಯಬೇಕಾದ ಪಟ್ಟಿಯನ್ನು ನಾನು ಸೋಮಾರಿತನಕ್ಕೆ ಇಡೀ ವರ್ಷ ಬಿಟ್ಟೆ. ಅರೆಬರೆ ವಿಷಕ್ಕೆ ಸಾಯದೆ ಉಳಿದ ನುಸಿಯ ಸಂತಾನಕ್ಕೆ ಆಮೇಲೆ ಏನೂ ನಾಟಲಿಲ್ಲ. ಔಷಧಿ ಮಾತ್ರ ಮೇಣಕ್ಕೆ ಇಳಿದು ಅಲ್ಲೇ ಕೂತಿತು. ಮೂರನೇ ವರ್ಷ ಸಕ್ಕರೆ ಪುಡಿ ಹಾಕಿ 300 ನೊಣ ಅಲ್ಲಾಡಿಸಿದರೆ 20ರ ಮೇಲೆ ನುಸಿ. ರೆಕ್ಕೆ ಮುದುಡಿದ ಎಳೇ ನೊಣಗಳು ಬಾಗಿಲಿಂದ ಕೆಳಗೆ ಬಿದ್ದು ಮಣ್ಣಲ್ಲಿ ತೆವಳುತ್ತಿದ್ದವು.

ಅದೇ ಹೊತ್ತಿಗೆ ಪಕ್ಕದ ದಾಳಿಂಬೆ ತೋಟದವರು ಹೂವಿನ ಮೇಲೇ, ಬೆಳಿಗ್ಗೆ ಹತ್ತು ಗಂಟೆಗೆ, ಕೀಟನಾಶಕಕ್ಕೆ ಶಿಲೀಂಧ್ರನಾಶಕ ಬೆರೆಸಿ ಹೊಡೆದರು. ಸಂಜೆ ಹೋದರೆ ಪೆಟ್ಟಿಗೆ ಮುಂದೆ ಬೊಗಸೆಗಟ್ಟಲೆ ಸತ್ತ ನೊಣ, ಎಲ್ಲದರ ನಾಲಿಗೆ ಹೊರಗೆ ಚಾಚಿತ್ತು. ಜೀವ ಇದ್ದವು ಬೆನ್ನ ಮೇಲೆ ಬಿದ್ದು ಬುಗುರಿಯ ಹಾಗೆ ಸುತ್ತುತ್ತಿದ್ದವು. ಗಮನಿಸಿದ್ದೇನೆಂದರೆ, ಪಟ್ಟಿ ಇದ್ದ ಪೆಟ್ಟಿಗೆಗಳೇ ಜಾಸ್ತಿ ಹೋದವು. ಪಟ್ಟಿ ಸಾಲದೆ ಹಾಗೇ ಬಿಟ್ಟಿದ್ದ ಎಂಟರಲ್ಲಿ ಆರು ಚೇತರಿಸಿಕೊಂಡವು. ಕೆಲವು ಶಿಲೀಂಧ್ರನಾಶಕಗಳು ವಿಷ ಅರಗಿಸುವ ನೊಣದ ಶಕ್ತಿಯನ್ನೇ ಕಟ್ಟಿಹಾಕುತ್ತವೆ. ಆಗ ಅಷ್ಟು ದಿನ ತಡೆದುಕೊಂಡ ಫ್ಲುವಾಲಿನೇಟೇ ಕೊಲ್ಲುತ್ತದೆ. ಆ ವರ್ಷ 22 ಪೆಟ್ಟಿಗೆ ಖಾಲಿ. ಒಂದಕ್ಕೆ 4,000 ಅಂದರೂ ಎಷ್ಟಾಯ್ತು ನೀವೇ ಗುಣಿಸಿ, ನಾನು ಗುಣಿಸೋದು ಬಿಟ್ಟಿದ್ದೇನೆ.

ಆಮೇಲೆ ಎಲ್ಲ ಆಟ ಆಡಿದೆ. ಏಪ್ರಿಲ್‌ನಲ್ಲಿ ಫಾರ್ಮಿಕ್ ಆಮ್ಲ ಇಟ್ಟೆ, ನಮ್ಮ ಬಿಸಿಲು 37 ಡಿಗ್ರಿ, ಆವಿ ಒಮ್ಮೆಲೇ ಎದ್ದು 5 ರಾಣಿ ಸತ್ತವು. ಥೈಮಾಲ್ ಹರಳು ಇಟ್ಟರೆ ಇಡೀ ಕುಟುಂಬ ಪೆಟ್ಟಿಗೆ ಹೊರಗೆ ಗಡ್ಡದ ಹಾಗೆ ಜೋತು ಕೂತಿತು. ಗಂಧಕದ ಪುಡಿಯಿಂದ ನುಸಿ ಸ್ವಲ್ಪ ಕಮ್ಮಿಯಾಯ್ತು, ಮರಿಯೂ ಕಮ್ಮಿಯಾಯ್ತು. ಬೇವಿನೆಣ್ಣೆ ಕಥೆ ಬೇಡ. ನಮ್ಮ ನಾಡಿನ ಜೇನು ತುಡುವೆಯನ್ನೇ ಸಾಕಿ, ಅದು ನುಸಿಯನ್ನು ತಾನೇ ಹೆಕ್ಕಿ ಎಸೆಯುತ್ತದೆ ಅಂದರು ಒಬ್ಬರು. ಹೌದು, ಆದರೆ ತೊಂಬತ್ತರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ಮರಿ ಕೊಲ್ಲುವ ವೈರಸ್ ರೋಗ ಬಂದು ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದು ನೆನಪಿದೆ ಅಲ್ವಾ?

ಕೊನೆಗೆ ಪಂಜರ. ವರೋವಾ ಹೆಚ್ಚುವುದು ಮುಚ್ಚಿದ ಮರಿ ಕೋಶದೊಳಗೆ, ಹಾಗಾಗಿ ರಾಣಿ ಮೊಟ್ಟೆ ಇಡದಂತೆ ಕೂಡಿ ಹಾಕುವುದು. ಮೊದಲ ಸಲ 10 ಪೆಟ್ಟಿಗೆಗೆ ಮಾತ್ರ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿಯಲ್ಲಿ ಮಾಡಿದ್ದೆ, ಕೆಲಸಗಾರ ನೊಣ ಒಳಗೆ ಹೋಗಿ ರಾಣಿಯ ಸೇವೆ ಮಾಡಲಾಗದೆ 3 ರಾಣಿ ಸತ್ತವು. ಎರಡು ಪೆಟ್ಟಿಗೆಯಲ್ಲಿ ಪಂಜರವನ್ನು ಅಂಚಿನ ಮೇಣದ ಎರಿಗೆ ಕಟ್ಟಿದ್ದೆ, ನೊಣಗಳು ರಾಣಿ ಇಲ್ಲ ಅಂದುಕೊಂಡು ಹೊಸ ರಾಣಿ ಬೆಳೆಸುವ ಕೋಶ ಕಟ್ಟಿದವು. ಈಗ ಕೆಲಸಗಾರ ನೊಣ ಮಾತ್ರ ದಾಟಬಲ್ಲ ರಾಣಿ ತಡೆ ಜಾಲರಿಯನ್ನೇ ಕತ್ತರಿಸಿ, ಬೆಂಕಿಪೊಟ್ಟಣದ ಎರಡರಷ್ಟು ದೊಡ್ಡದಾಗಿ ಮಾಡಿಕೊಂಡು ಮಧ್ಯದ ಎರಿಯಲ್ಲೇ ಕೂರಿಸುತ್ತೇನೆ. ಕೂರಿಸುವ ಮುಂಚೆ ಪಂಜರಕ್ಕೆ ಏನು ಸವರುತ್ತೇನೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ರಾಣಿ ಮೇ 20ರ ಸುಮಾರಿಗೆ ಒಳಗೆ, 24 ದಿನಕ್ಕೆ ಹೊರಗೆ. ಅಷ್ಟರಲ್ಲಿ ಗಂಡು ಮರಿಯೂ ಹೊರಬಂದು ಎರಿ ಖಾಲಿ, ವರೋವಾಕ್ಕೆ ಅಡಗಲು ಜಾಗವಿಲ್ಲ. ಕೆಂಪಗೆ ಸರಸರ ಓಡುವ ಟ್ರೊಪಿಲೇಲ್ಯಾಪ್ಸ್ ಅನ್ನುವ ಇನ್ನೊಂದು ನುಸಿಯಂತೂ ಮರಿಯಿಲ್ಲದೆ ಹೆಚ್ಚು ದಿನ ಬಾಳದು, ಅದಕ್ಕೆ ಔಷಧಿಯೇ ಬೇಡ. ರಾಣಿ ಬಿಟ್ಟ ಮೂರನೇ ಸಂಜೆ, ಹೊಸ ಮರಿಗೆ ಮುಚ್ಚಳ ಬೀಳುವ ಮುಂಚೆ, ಆಕ್ಸಾಲಿಕ್ ಆಮ್ಲ ಒಂದೇ ಸಲ: ಲೀಟರ್ ಸಕ್ಕರೆ ಪಾಕಕ್ಕೆ ಸುಮಾರು 35 ಗ್ರಾಂ, ಎರಡು ಎರಿಗಳ ನಡುವಿನ ಸಂದಿಗೆ 5 ಎಂಎಲ್. ಜೇನು ತುಂಬಿಸುವ ಮೇಲಿನ ಕೋಣೆ ಇಟ್ಟಾಗ ಬೇಡ. ಕೈಗವಸು ಹಾಕಿ, ನನ್ನ ಬೆರಳ ಚರ್ಮ ಸುಲಿದಿತ್ತು.

ಕುಟುಂಬ ಜುಲೈವರೆಗೆ ಸೊರಗಿದ ಹಾಗೆ ಕಾಣುತ್ತದೆ, ಹೆದರಬೇಡಿ. ಜುಲೈ ಮೊದಲ ವಾರ ಇಟ್ಟ ಮೊಟ್ಟೆಯೇ ಆಗಸ್ಟ್ ಮಧ್ಯದಲ್ಲಿ ಹೂವಿಗೆ ಹೋಗುವ ನೊಣ. ಪೆಟ್ಟಿಗೆಗೆ ಮೂರು ಕಿಲೋ ಸಕ್ಕರೆ, ಒಟ್ಟು ಏಳೂವರೆ ಸಾವಿರ ಖರ್ಚು. ಮೊದಲು ಪಟ್ಟಿಗೇ ವರ್ಷಕ್ಕೆ 18,000 ಹತ್ತಿರ ಹೋಗುತ್ತಿತ್ತು. ಸೂರ್ಯಕಾಂತಿಯಲ್ಲಿ ಪೆಟ್ಟಿಗೆಗೆ 8 ಕಿಲೋ ಬರುತ್ತಿದ್ದದ್ದು ಹೋದ ವರ್ಷ 13 ಬಂತು. ಸಕ್ಕರೆ ಪುಡಿ ಲೆಕ್ಕದಲ್ಲಿ ನುಸಿ ಒಂದೋ ಎರಡೋ. ಹಳೇ ಕಪ್ಪು ಎರಿಯನ್ನು ವರ್ಷಕ್ಕೆ ಮೂರರಲ್ಲಿ ಒಂದು ಪಾಲು ತೆಗೆದು ಕರಗಿಸುತ್ತೇನೆ. ಆ ಮೇಣ ಮೇಣದಬತ್ತಿಯವರಿಗೆ, ಮತ್ತೆ ಮೇಣದ ಹಾಳೆ ಮಾಡಿಸಲ್ಲ.

ದಾಳಿಂಬೆ ತೋಟದವರಿಗೆ ಎರಡು ಬಾಟಲಿ ಜೇನು ಕೊಟ್ಟೆ. ಈಗ ಹೊಡೆಯುವ ಹಿಂದಿನ ದಿನ ಫೋನ್ ಮಾಡಿ, ಸಂಜೆ ಆರರ ಮೇಲೇ ಹೊಡೆಯುತ್ತಾರೆ. ನಕ್ಕಿದ್ದ ಸುಳ್ಯದ ಗೆಳೆಯರೊಬ್ಬರು ಮೊನ್ನೆ 30 ಪಂಜರ ಕೇಳಿದರು. ಒಂದಕ್ಕೆ 60 ರೂಪಾಯಿ ಅಂದಿದ್ದೇನೆ, ಸವರುವುದು ಬೇರೆ.