ವೈವರ್ನ್ ಕಟ್ಟುವುದು ಹೆಗಲಿನಿಂದ: ನನ್ನ ಅನುಭವ

ನಾಲ್ಕು ಕಾಲಿನ ಡ್ರ್ಯಾಗನ್ನಿಗೆ ಮುಂಗಾಲು ತೆಗೆದುಬಿಟ್ಟರೆ ವೈವರ್ನ್, ಅಂದರೆ ಎರಡು ಕಾಲು, ಎರಡು ರೆಕ್ಕೆಯ ಕಾಲ್ಪನಿಕ ಪ್ರಾಣಿ, ಸಿಕ್ಕಿತು ಎಂದುಕೊಂಡು ಕೆಲಸಕ್ಕೆ ಇಳಿಯುವವರು ಬಹಳ. ಹಾಗೆ ಮಾಡಿದ ಗೊಂಬೆ ಮುಗ್ಗರಿಸುತ್ತದೆ. ಹಲಗೆಗೆ ಬಿಗಿದು ನಿಲ್ಲಿಸಿದರೂ ಹಾರಬಲ್ಲ ಪ್ರಾಣಿಯಂತೆ ಕಾಣುವುದಿಲ್ಲ. ವೈವರ್ನ್‌ಗೆ ರೆಕ್ಕೆಯೇ ಕೈ. ಎದೆ ಎಷ್ಟು ಆಳ ಇರಬೇಕು, ಕಾಲು ಎಲ್ಲಿ ಊರಬೇಕು, ಕತ್ತು ಹೇಗೆ ಬಾಗಬೇಕು, ಬಾಲ ಎಷ್ಟು ಉದ್ದ ಬೇಕು, ಎಲ್ಲವನ್ನೂ ಆ ಒಂದು ಸಂಗತಿ ತೀರ್ಮಾನಿಸುತ್ತದೆ. ಮೈಸೂರಿನ ದಸರಾ ಗೊಂಬೆ ಸಾಲಿನ ಕೆಳಗಿನ ಮೆಟ್ಟಿಲಿಗೆ ಹೊಂದುವ ಅಳತೆಯಲ್ಲಿ, ತಂತಿ, ಊದುಬತ್ತಿ ಕಡ್ಡಿ ಮತ್ತು ಕಾಗದದ ತಿರುಳಿನಿಂದ ನಾನು ವೈವರ್ನ್ ಕಟ್ಟುವ ಕ್ರಮ ಇದು. ಅದೇ ಅಳತೆಯಲ್ಲಿ ನಾಲ್ಕು ಕಾಲಿನ ಡ್ರ್ಯಾಗನ್ ಮಾಡುವಾಗ ದಾರಿ ಎಲ್ಲೆಲ್ಲಿ ಕವಲೊಡೆಯುತ್ತದೆ ಎಂಬುದನ್ನೂ ಜೊತೆಗೇ ಹೇಳುತ್ತೇನೆ.

ಹೆಸರುಗಳ ಲೆಕ್ಕ ಮೊದಲು ಮುಗಿಸೋಣ. ಎರಡು ಕಾಲು, ಎರಡು ರೆಕ್ಕೆ ಇದ್ದರೆ ವೈವರ್ನ್. ನಾಲ್ಕು ಕಾಲಿನ ಮೇಲೆ ರೆಕ್ಕೆಯೂ ಇದ್ದರೆ ಡ್ರ್ಯಾಗನ್. ಈ ವಿಂಗಡಣೆ ಇಂಗ್ಲೆಂಡಿನ ವಂಶಲಾಂಛನಗಳದ್ದು, ಬಿಗಿಯಾದದ್ದು 16ನೇ ಶತಮಾನದಿಂದ ಈಚೆಗೆ. 11ನೇ ಶತಮಾನದ ಬೇಯೋ ಕಸೂತಿಪಟದಲ್ಲಿ ಇಂಗ್ಲಿಷ್ ಸೈನ್ಯದ ಡ್ರ್ಯಾಗನ್ ಲಾಂಛನಕ್ಕೆ ಇರುವುದು ಎರಡೇ ಕಾಲು. 1959ರಲ್ಲಿ ಅಧಿಕೃತವಾದ ವೇಲ್ಸ್ ಧ್ವಜದ ಕೆಂಪು ಡ್ರ್ಯಾಗನ್ನಿಗೆ ನಾಲ್ಕು. ಯುರೋಪಿನ ಉಳಿದ ದೇಶಗಳ ಲಾಂಛನಕಾರರು ಈ ಭೇದವನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ರೆಕ್ಕೆ ಇದ್ದು ಕಾಲೇ ಇಲ್ಲದ್ದು ಆಂಫಿಪ್ಟೀರ್. ಚೀನಾ, ಜಪಾನಿನ ಡ್ರ್ಯಾಗನ್ನುಗಳಿಗೆ ಹಾವಿನ ಮೈ, ನಾಲ್ಕು ಗಿಡ್ಡ ಕಾಲು, ಸಾಮಾನ್ಯವಾಗಿ ರೆಕ್ಕೆ ಇಲ್ಲ. ಅವು ಹಾರುವುದು ದೈವಶಕ್ತಿಯಿಂದ, ಹಾಗಾಗಿ ಅಲ್ಲಿ ಹೆಗಲಿನ ಚಿಂತೆ ಬೇಕಿಲ್ಲ. ಮೈಯ ಅಲೆ ಒಂದು ಸರಿ ಬಂದರೆ ಸಾಕು. ಇನ್ನು ನಮ್ಮ ಗಂಡಭೇರುಂಡವನ್ನು ನೋಡಿ: ತಲೆ ಎರಡಾದರೂ ಎದೆ ಒಂದು, ರೆಕ್ಕೆ ಎರಡು, ಕಾಲು ಎರಡು. ಅಂಗಗಳ ಲೆಕ್ಕದಲ್ಲಿ ಅದು ವೈವರ್ನ್ ಸಾಲಿಗೇ ಸೇರುತ್ತದೆ. ಒಡೆಯರ ಲಾಂಛನ ನೋಡಿ ಬೆಳೆದ ಕಣ್ಣಿಗೆ ಎರಡು ಕಾಲು, ಎರಡು ರೆಕ್ಕೆಯ ಈ ಮೈಕಟ್ಟು ಹೊಸತೇನಲ್ಲ.

ಬೆನ್ನೆಲುಬಿನ ಪ್ರಾಣಿಗಳಲ್ಲಿ ರೆಕ್ಕೆ ಬಡಿದು ಹಾರುವ ಶಕ್ತಿ ಮೂರು ಗುಂಪುಗಳಿಗೆ ಬೇರೆಬೇರೆಯಾಗಿ ಬಂದಿದೆ: ಟೆರೊಸಾರ್ (ಡೈನೋಸಾರ್ ಕಾಲದ, ಈಗ ಅಳಿದುಹೋದ ಹಾರುವ ಸರೀಸೃಪ), ಹಕ್ಕಿ, ಬಾವಲಿ. ಮೂರರಲ್ಲೂ ಮುಂಗಾಲೇ ರೆಕ್ಕೆಯಾಗಿದೆ. ಟೆರೊಸಾರ್‌ನಲ್ಲಿ ನಾಲ್ಕನೆಯ ಬೆರಳು ಒಂದೇ ಉದ್ದಕ್ಕೆ ಬೆಳೆದು ಪೊರೆಯನ್ನು ಹೊರುತ್ತದೆ. ಬಾವಲಿಯಲ್ಲಿ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಬೆರಳು ಕೊಡೆಯ ಕಡ್ಡಿಗಳ ಹಾಗೆ ಹರಡುತ್ತವೆ. ಬೆನ್ನಿನಿಂದ ಹೆಚ್ಚುವರಿ ಜೋಡಿ ಅಂಗವಾಗಿ ಮೂಡಿದ ರೆಕ್ಕೆ ಬೆನ್ನೆಲುಬಿನ ಯಾವ ಪ್ರಾಣಿಗೂ ಇಲ್ಲ. ನಾಲ್ಕು ಕಾಲನ್ನೂ ಉಳಿಸಿಕೊಂಡು ರೆಕ್ಕೆ ಪಡೆದದ್ದು ಪಶ್ಚಿಮಘಟ್ಟದ ನಮ್ಮ ಹಾರುವ ಓತಿ, ಆದರೆ ಅದರ ರೆಕ್ಕೆ ಉದ್ದವಾದ ಪಕ್ಕೆಲುಬುಗಳ ಮೇಲೆ ಬಿಗಿದ ಚರ್ಮ. ಅದನ್ನು ಬಿಚ್ಚಬಹುದು, ಮಡಚಬಹುದು. ಬಡಿದು ಮೇಲೇರಲು ಆಗದು, ತೇಲಿ ಇಳಿಯಬಹುದಷ್ಟೆ. ನಾನು ಬಾವಲಿಯ ಕೈಯನ್ನೇ ಆರಿಸಿಕೊಳ್ಳುತ್ತೇನೆ. ನಾಲ್ಕು ಕಡ್ಡಿ ಇದ್ದರೆ ಬಟ್ಟೆ ಜೋಲುವುದಿಲ್ಲ. ಅದಕ್ಕೂ ಮಿಗಿಲಾಗಿ, ರಂಗನತಿಟ್ಟಿನ ಮರಗಳಲ್ಲಿ ಹಗಲೆಲ್ಲ ನೇತಾಡುವ ತೋಳಬಾವಲಿಗಳು ರೆಕ್ಕೆ ಬಿಚ್ಚಿ ಬೀಸಿಕೊಳ್ಳುವುದನ್ನು ದೋಣಿಯಿಂದಲೇ ನೋಡಬಹುದು. ಬೆರಳಿನ ಗೆಣ್ಣು ಎಲ್ಲಿ ಮಡಚುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಗಾತ್ರವನ್ನು ಕಾಗದದ ಮೇಲೆ ಮೊದಲೇ ನಿಶ್ಚಯಿಸಬೇಕು. ಪ್ರಾಣಿಯ ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತಾರ ನಾಲ್ಕು ಪಟ್ಟು, ತೂಕ ಮಾತ್ರ ಎಂಟು ಪಟ್ಟು. ಅಂದರೆ ರೆಕ್ಕೆಯ ಪ್ರತಿ ಚದರ ಮೀಟರಿಗೆ ಬೀಳುವ ಭಾರ ಇಮ್ಮಡಿ. ಹಾರಿದ ಪ್ರಾಣಿಗಳಲ್ಲೇ ಅತಿ ದೊಡ್ಡವುಗಳ ಪೈಕಿ ಬರುವ ಕ್ವೆಟ್ಜಾಲ್ಕೋಆಟ್ಲಸ್ ಎಂಬ ಟೆರೊಸಾರ್‌ನ ರೆಕ್ಕೆಯಗಲ 10ರಿಂದ 11 ಮೀಟರ್, ತೂಕ 200ರಿಂದ 250 ಕೆ.ಜಿ. ಎಂದು ಅಂದಾಜಿದೆ. ಅದನ್ನೇ ಮೇಲಿನ ಗಡಿಯಾಗಿ ಇಟ್ಟುಕೊಂಡು 1:15 ಅಳತೆಯಲ್ಲಿ ಕಟ್ಟುತ್ತೇನೆ. ಬಿಚ್ಚಿದ ರೆಕ್ಕೆ ತುದಿಯಿಂದ ತುದಿಗೆ 65 ಸೆಂ.ಮೀ. ಬರುತ್ತದೆ, ಮುಂದಿನಿಂದ ಹಿಂದಕ್ಕೆ ಸರಾಸರಿ ಅಗಲ 11 ಸೆಂ.ಮೀ. ಇಟ್ಟರೆ ವಿಸ್ತಾರ ಸುಮಾರು 700 ಚದರ ಸೆಂ.ಮೀ. 225ರಿಂದ (15×15) ಗುಣಿಸಿದರೆ ನಿಜಗಾತ್ರದಲ್ಲಿ 15.75 ಚದರ ಮೀಟರ್. 230 ಕೆ.ಜಿ. ಪ್ರಾಣಿ ಎಂದರೆ ಚದರ ಮೀಟರಿಗೆ 15 ಕೆ.ಜಿ.ಗೆ ತುಸು ಕಡಿಮೆ. ದೊಡ್ಡ ಹಂಸಗಳೂ ಹೆಚ್ಚುಕಡಿಮೆ ಇಂಥದೇ ಭಾರ ಹೊತ್ತು ಹಾರುತ್ತವೆ. ಈ ಲೆಕ್ಕ ಮಾಡದೆ ಕಟ್ಟಿದರೆ ಆನೆಯ ಮೈಗೆ ಗಿಡುಗನ ರೆಕ್ಕೆ ಬಂದು ಕೂರುತ್ತದೆ.

ಅಸ್ಥಿಪಂಜರದ ಅಳತೆ ಹೀಗೆ. ಹೆಗಲಿನಿಂದ ಸೊಂಟಕ್ಕೆ 12 ಸೆಂ.ಮೀ., ಕತ್ತು 12, ತಲೆ 6, ಬಾಲ 22. ಮೇಲ್ತೋಳು 4, ಮುಂದೋಳು 6.5. ಬೆರಳುಗಳಲ್ಲಿ ಎರಡನೆಯದು 15, ಮೂರನೆಯದು 22, ನಾಲ್ಕನೆಯದು 18, ಐದನೆಯದು 15. ಹೆಬ್ಬೆರಳು 2, ಅದು ಬಿಡಿಯಾಗಿ ಉಗುರು ಹೊತ್ತು ಮುಂದಕ್ಕೆ ನಿಲ್ಲಬೇಕು. ತೊಡೆ 4.5, ಮೊಣಕಾಲಿನ ಕೆಳಗೆ 5, ಹಿಮ್ಮಡಿಯಿಂದ ಬೆರಳಬುಡಕ್ಕೆ 3. ಎದೆಯ ಅಗಲ 5. ಎರಡೂ ಕಡೆಯ ಮೇಲ್ತೋಳು, ಮುಂದೋಳು, ಮೂರನೆಯ ಬೆರಳನ್ನು ಎದೆಯ ಅಗಲದ ಜೊತೆ ನೇರ ಕೂಡಿದರೆ ರೆಕ್ಕೆಯಗಲ 70 ಆಗಬೇಕಲ್ಲ, 65 ಹೇಗೆ ಎಂದು ಕೇಳಬಹುದು. ಪೂರ್ತಿ ಬಿಚ್ಚಿದಾಗಲೂ ಮೊಣಕೈ ಸ್ವಲ್ಪ ಮಡಚಿಯೇ ಇರುತ್ತದೆ. ಕೋಲಿನ ಹಾಗೆ ನೆಟ್ಟಗೆ ಚಾಚಿದ ತೋಳು ಗೊಂಬೆಯನ್ನು ಸತ್ತಂತೆ ಮಾಡುತ್ತದೆ.

ಬೆನ್ನಿಗೆ 3 ಮಿ.ಮೀ. ಅಲ್ಯೂಮಿನಿಯಂ ತಂತಿ 1.2 ಮೀಟರ್ ತೆಗೆದು, ಮಡಚಿ ಹೊಸೆಯುತ್ತೇನೆ. ಎರಡೂ ತೋಳಿಗೆ ಒಂದೇ ತಂತಿ, 40 ಸೆಂ.ಮೀ., ಎದೆಯ ಮೂಲಕ ಹಾದು ಹೋಗಬೇಕು. ಕಾಲಿಗೂ ಹಾಗೆಯೇ 40 ಸೆಂ.ಮೀ. ಕೂಡುವ ಕಡೆ ಬೈಂಡಿಂಗ್ ವೈರ್ ಸುತ್ತಿ ಮೇಲೆ ಎಂ-ಸೀಲ್. ತೋಳನ್ನು ಎರಡು ತುಂಡು ತಂತಿಯಲ್ಲಿ ಬೇರೆಬೇರೆಯಾಗಿ ಕಟ್ಟಿದರೆ ರೆಕ್ಕೆಯ ಭಾರಕ್ಕೆ ಹೆಗಲು ತಿರುಗಿ, ಕೆಲವು ತಿಂಗಳಲ್ಲಿ ಒಂದು ರೆಕ್ಕೆ ಕೆಳಗೆ ಬರುತ್ತದೆ. ಬೆರಳಿಗೆ ಮಸಾಲೆ ಹಚ್ಚದ ಊದುಬತ್ತಿ ಕಡ್ಡಿ. ನಮ್ಮೂರಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಬಿದಿರಾದ್ದರಿಂದ ಹಗುರ, ಒಂಬತ್ತು ಇಂಚಿನ ಕಡ್ಡಿ ಮೂರನೆಯ ಬೆರಳಿಗೆ ಸರಿಹೊಂದುತ್ತದೆ. ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಸಣ್ಣ ಮಾಡಿ, ನೀರಲ್ಲಿ ನೆನೆಸಿ, ಮೇಣದಬತ್ತಿಯ ಶಾಖಕ್ಕೆ ಹಿಡಿದು ಸ್ವಲ್ಪ ಹೊರಕ್ಕೆ ಬಾಗಿಸಬೇಕು. ಅಂಟು ಹಚ್ಚಿದ ಬಟ್ಟೆ ಒಣಗುತ್ತಾ ಕಡ್ಡಿಯನ್ನು ಒಳಕ್ಕೆ ಎಳೆಯುತ್ತದೆ, ಆಗ ಬಾಗು ನೆಟ್ಟಗಾಗುತ್ತದೆ.

ಪೊರೆಗೆ ತೆಳು ಮಲ್ ಬಟ್ಟೆ ಅರ್ಧ ಮೀಟರ್ ಸಾಕು. ಎರಡು ಬೆರಳ ತುದಿಯ ನಡುವಿನ ಅಂಚನ್ನು ಒಳಕ್ಕೆ ಕಮಾನಾಗಿ ಕತ್ತರಿಸಿ. ಆಳ ಆ ಅಂತರದ ಎಂಟರಲ್ಲೊಂದು ಪಾಲು. ಎಳೆದು ಬಿಗಿದ ಪೊರೆಯ ಬಿಡಿ ಅಂಚು ತಾನಾಗಿ ಒಳಕ್ಕೇ ಬಾಗುವುದು. ಹೊರಕ್ಕೆ ಉಬ್ಬಿದ ಅಂಚು ಗಾಳಿಯಲ್ಲಿ ಪಟಪಟ ಬಡಿದುಕೊಳ್ಳುತ್ತದೆ ಎಂದು ನೋಡಿದವರ ಕಣ್ಣಿಗೇ ತಿಳಿಯುತ್ತದೆ. ಫೆವಿಕಾಲ್ ಒಂದು ಪಾಲಿಗೆ ನೀರು ಎರಡು ಪಾಲು ಬೆರೆಸಿ ಬಟ್ಟೆಗೆ ಹಚ್ಚಿ, ರೆಕ್ಕೆಯನ್ನು ಥರ್ಮಕೋಲ್ ಹಲಗೆಗೆ ಗುಂಡುಪಿನ್ನಿನಿಂದ ಸಿಕ್ಕಿಸಿ ಪೂರ್ತಿ ಒಣಗಿಸಬೇಕು. ಪಿನ್ ಬೇಗ ಕಿತ್ತರೆ ಬೆರಳುಗಳು ಒಂದರ ಮೇಲೊಂದು ಬಂದು ಸೇರುತ್ತವೆ.

ಹೆಚ್ಚಿನ ಗೊಂಬೆಗಳಲ್ಲಿ, ಚಿತ್ರಗಳಲ್ಲೂ, ಕಾಣೆಯಾಗಿರುವುದು ಹೆಗಲಿನಿಂದ ಮಣಿಕಟ್ಟಿನವರೆಗೆ, ಮೊಣಕೈಯ ಮುಂದೆ ಬಿಗಿದ ತ್ರಿಕೋನದ ಪೊರೆ. ಹಕ್ಕಿ, ಬಾವಲಿ, ಟೆರೊಸಾರ್ ಮೂರಕ್ಕೂ ಅದು ಇದೆ. ಗಾಳಿ ರೆಕ್ಕೆಯನ್ನು ಮೊದಲು ತಾಗುವುದು ಅಲ್ಲಿ, ಒಳರೆಕ್ಕೆಗೆ ನಯವಾದ ಮುಂಚೂಣಿ ಅಂಚು ಸಿಗುವುದು ಅದರಿಂದ. ಅದಿಲ್ಲದ ರೆಕ್ಕೆ ಬರೀ ಕೋಲಿಗೆ ನೇತುಹಾಕಿದ ಪರದೆ. ಇದಕ್ಕಾಗಿ 8 ಸೆಂ.ಮೀ. ಉದ್ದದ ಬಟ್ಟೆತುಂಡು, ಮುಂದಿನ ಅಂಚಿಗೆ ದಾರ ಮಡಚಿ ಹೊಲಿದರೆ ಬಿಗಿ ನಿಲ್ಲುತ್ತದೆ. ಇನ್ನು ಮುಖ್ಯ ಪೊರೆಯ ಹಿಂದಿನ ತುದಿ ಎಲ್ಲಿಗೆ ಮುಗಿಯಬೇಕು? ಬಾವಲಿಯಲ್ಲಿ ಹಿಮ್ಮಡಿಯ ಹತ್ತಿರಕ್ಕೆ ಬರುತ್ತದೆ, ಹಾಗಾಗಿ ಅದಕ್ಕೆ ನೆಲದ ಮೇಲೆ ಕಾಲು ಸ್ವತಂತ್ರವಿಲ್ಲ. ಎರಡು ಕಾಲಲ್ಲಿ ಎದ್ದು ನಿಲ್ಲುವ ವೈವರ್ನ್ ಬೇಕಾದರೆ ಪೊರೆಯನ್ನು ತೊಡೆಯ ಬುಡಕ್ಕೇ ನಿಲ್ಲಿಸಿ.

ಈಗ ನಿಲುವು. ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಯ ಕಾಲಿನಲ್ಲಿ ಹಿಂದಕ್ಕೆ ಮಡಚಿದ ಮೊಣಕಾಲೆಂದು ತೋರುವುದು ನಿಜಕ್ಕೆ ಹಿಮ್ಮಡಿ. ಅಸಲು ಮೊಣಕಾಲು ಪುಕ್ಕದೊಳಗೆ, ಮುಂದಕ್ಕೆ ಇದೆ. ತೊಡೆ ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿದೆ. ಸೊಂಟದ ಮುಂದಿರುವ ಎದೆಯ ಭಾರದ ಕೆಳಗೆ ಪಾದ ಬರಲಿ ಎಂದೇ ಈ ಏರ್ಪಾಟು. ವೈವರ್ನ್‌ಗೂ ಇದೇ ಬೇಕು, ಏಕೆಂದರೆ ರೆಕ್ಕೆ, ಎದೆಯ ಸ್ನಾಯು, ಕತ್ತು, ತಲೆ ಎಲ್ಲವೂ ಸೊಂಟದ ಮುಂದೆ ಇವೆ. ಮನುಷ್ಯನಂತೆ ತೊಡೆಯನ್ನು ನೇರ ಕೆಳಗಿಳಿಸಿದರೆ ಮುಂದಕ್ಕೆ ಬೀಳುತ್ತದೆ. ಹಲಗೆಗೆ ಬೋಲ್ಟ್ ಹಾಕಿದರೆ ಬೀಳುವುದಿಲ್ಲ ನಿಜ, ಆದರೆ ಹಿಮ್ಮಡಿಯ ತಂತಿ ದಿನದಿನಕ್ಕೆ ಬಾಗುತ್ತಾ ಹೋಗುತ್ತದೆ.

ಭಾರಕೇಂದ್ರವನ್ನು ಊಹಿಸಬೇಕಿಲ್ಲ. ತಂತಿಯ ಅಸ್ಥಿಪಂಜರಕ್ಕೆ ತಲೆ, ರೆಕ್ಕೆ ಸೇರಿಸಿದ ಮೇಲೆ ಕತ್ತಿನ ಬುಡಕ್ಕೆ ದಾರ ಕಟ್ಟಿ ತೂಗುಹಾಕಿ. ಅದೇ ದಾರದಿಂದ ತೂಕದ ಗುಂಡನ್ನೂ ಇಳಿಬಿಟ್ಟು ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮತ್ತೆ ಬಾಲದ ಬುಡಕ್ಕೆ ಕಟ್ಟಿ ಇನ್ನೊಂದು. ಮೈಮೇಲೆ ಎರಡು ಗೆರೆ ಕೂಡುವ ಜಾಗವೇ ಭಾರಕೇಂದ್ರ. ಎರಡು ಕಾಲಿನ ನಿಲುವಾದರೆ ಅದು ಪಾದದ ಬೆರಳುಗಳ ಹರವಿನ ಮೇಲೆ ಬರಬೇಕು. ತೀರಾ ಮುಂದಿದ್ದರೆ ಕತ್ತನ್ನು ಹಿಂದಕ್ಕೆ ಸೆಳೆದು ಕೊಕ್ಕರೆಯ ಬಾಗು ಕೊಡಿ. ಬಾಲಕ್ಕೆ ಭಾರ ಸೇರಿಸುವುದು ಕಡೆಯ ಉಪಾಯ. ತಲೆಯನ್ನು ಪೂರಾ ಎಂ-ಸೀಲ್‌ನಲ್ಲಿ ಮಾಡಿದರೆ ಯಾವ ಬಾಲವೂ ಅದನ್ನು ಸರಿದೂಗಿಸದು, ಒಳಗೆ ಥರ್ಮಕೋಲ್ ಇರಲಿ. ನಾಲ್ಕೂರುವ ನಿಲುವು ನನಗೆ ಹೆಚ್ಚು ಇಷ್ಟ: ರೆಕ್ಕೆ ಮಡಚಿ, ಬೆರಳುಗಳನ್ನು ಮುಂದೋಳಿನ ಗುಂಟ ಹಿಂದಕ್ಕೆ ಒರಗಿಸಿ, ಮಣಿಕಟ್ಟನ್ನು ನೆಲಕ್ಕೆ ಊರುವುದು. ಮೇಲಿನ ಅಳತೆಯಲ್ಲಿ ಹೆಗಲೂ ಸೊಂಟವೂ ನೆಲದಿಂದ ಒಂಬತ್ತೂವರೆ ಸೆಂ.ಮೀ. ಆಸುಪಾಸು ಬಂದು ಬೆನ್ನು ಮಟ್ಟವಾಗುತ್ತದೆ. ಮಣಿಕಟ್ಟಿನ ಅಡಿಯಲ್ಲಿ ಗಟ್ಟಿ ಮೆತ್ತೆಯಂಥ ಚರ್ಮ ತೋರಿಸಿ, ಪೊರೆ ಅದರ ಹಿಂದೆ ಶುರುವಾಗಲಿ. ಇಲ್ಲವಾದರೆ ಪ್ರತಿ ಹೆಜ್ಜೆಗೂ ಪೊರೆ ಹರಿಯುವ ಪ್ರಾಣಿಯನ್ನು ಮಾಡಿದ ಹಾಗೆ.

ಎದೆಗೆ ಆಳ 5.5 ಸೆಂ.ಮೀ., ಸೊಂಟಕ್ಕೆ 3. ಹಕ್ಕಿಯ ಎದೆಮೂಳೆಯ ನಡುವೆ ದೋಣಿಯ ಅಡಿಗಟ್ಟಿನಂತೆ ಒಂದು ಏಣು ಎದ್ದಿರುತ್ತದೆ, ಹಾರಾಟದ ಸ್ನಾಯು ಅಂಟಿರುವುದು ಅದಕ್ಕೆ. ರೆಕ್ಕೆಯನ್ನು ಕೆಳಗೆ ಬಡಿಯುವ ಸ್ನಾಯುವೂ ಮೇಲೆತ್ತುವ ಮುಖ್ಯ ಸ್ನಾಯುವೂ ಎದೆಯಲ್ಲೇ ಇವೆ. ಬೆನ್ನ ಮೇಲೆ ಸ್ನಾಯು ಗುಡ್ಡೆ ಹಾಕಿ ಎದೆಯನ್ನು ಚಪ್ಪಟೆ ಬಿಟ್ಟರೆ ಹಾರುವ ಬಲ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿಲ್ಲ.

ನಾಲ್ಕು ಕಾಲಿನ ಡ್ರ್ಯಾಗನ್ ಕಷ್ಟವಾಗುವುದು ಇಲ್ಲೇ. ಒಂದೇ ಎದೆಗೂಡಿಗೆ ಎರಡು ಜೊತೆ ಹೆಗಲು. ಕುದುರೆ, ನಾಯಿಯಂಥ ಓಡುವ ಪ್ರಾಣಿಯ ಹೆಗಲೆಲುಬು ಪಕ್ಕೆಲುಬಿನ ಮೇಲೆ ಹಿಂದೆ ಮುಂದೆ ಜಾರುತ್ತದೆ, ಹೆಜ್ಜೆ ಉದ್ದವಾಗುವುದು ಅದರಿಂದ. ಹಾರುವ ಹಕ್ಕಿಯ ಹೆಗಲಾದರೋ ಕೊರಕಾಯ್ಡ್ ಎಂಬ ಗಟ್ಟಿ ಮೂಳೆಯಿಂದ ಎದೆಮೂಳೆಗೆ ಭದ್ರವಾಗಿ ಊರಿರಬೇಕು, ಇಲ್ಲದಿದ್ದರೆ ಬಡಿತದ ಬಲಕ್ಕೆ ಎದೆ ಕುಸಿಯುತ್ತದೆ. ಜಾರುವ ಹೆಗಲೊಂದು, ಅಲುಗದ ಹೆಗಲೊಂದು, ಎರಡೂ ಒಂದೇ ಜಾಗ ಕೇಳುತ್ತವೆ. ನಾನು ಎದೆಗೂಡನ್ನು ಉದ್ದ ಮಾಡಿ ಹೆಗಲಿನಿಂದ ಸೊಂಟಕ್ಕೆ 16 ಸೆಂ.ಮೀ. ಇಡುತ್ತೇನೆ. ಮುಂಗಾಲು ಕತ್ತಿನ ಬುಡಕ್ಕೆ, ರೆಕ್ಕೆಯ ಕೀಲು ಅದರಿಂದ 4 ಸೆಂ.ಮೀ. ಹಿಂದೆ ಮತ್ತು ಮೇಲೆ. ಏಣು ಶುರುವಾಗುವುದು ಮುಂಗಾಲಿನ ಮೊಣಕೈಯ ಹಿಂದಿನಿಂದ. ರೆಕ್ಕೆಯ ಸ್ನಾಯುವನ್ನು ಪಕ್ಕೆಯ ಮೇಲಿಂದ ಆ ಏಣಿನವರೆಗೆ ಪಟ್ಟಿಯಾಗಿ ಎಳೆದು ತೋರಿಸಿದರೆ ಅಂಟಿಸಿದ ರೆಕ್ಕೆ ಎನ್ನಿಸುವುದಿಲ್ಲ. ಮುಂಗಾಲಿನ ತೂಕ ಹೆಚ್ಚಾದ್ದಕ್ಕೆ ರೆಕ್ಕೆಯಗಲವೂ 75 ಸೆಂ.ಮೀ. ದಾಟಬೇಕು. ಈ ಮೈಕಟ್ಟಿನ ಅನುಕೂಲವೂ ಕಡಿಮೆಯೇನಲ್ಲ: ನಡೆಯುವಾಗ ರೆಕ್ಕೆ ಬೆನ್ನ ಮೇಲೆ ಸುರಕ್ಷಿತ, ಹಿಡಿಯಲು ಕೈ ಖಾಲಿ.

ತಲೆಯ ಬಗ್ಗೆ ಒಂದೇ ಮಾತು. ಬಾಯಿಯ ಕೀಲನ್ನು ಕಣ್ಣಿನ ಕೆಳಗೆ ಇಟ್ಟರೆ ನಾಯಿಮುಖ ಬರುತ್ತದೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಯನ್ನು ನೋಡಿ, ದವಡೆಯ ಕೀಲು ಕಣ್ಣಿಗಿಂತ ಬಹಳ ಹಿಂದೆ, ತಲೆಬುರುಡೆಯ ಕೊನೆಯಲ್ಲಿದೆ.

ಮೈ ತುಂಬಲು ಹಳೆಯ ಪೇಪರು ಕಾಲು ಕೆ.ಜಿ. ನೆನೆಸಿ, ಬೇಯಿಸಿ, ರುಬ್ಬಿ, ಹಿಂಡಿ, ಅದಕ್ಕೆ 100 ಗ್ರಾಂ ಮೈದಾದ ಅಂಟು, 100 ಗ್ರಾಂ ಫೆವಿಕಾಲ್, ಜರಡಿ ಹಿಡಿದ ಸೀಮೆಸುಣ್ಣದ ಪುಡಿ 300 ಗ್ರಾಂ, ಒಂದು ದೊಡ್ಡ ಚಮಚ ಮೆಂತ್ಯದ ಪುಡಿ. ಹುಳ ಹಿಡಿಯದಿರಲು ಚಿಟಿಕೆ ಮೈಲುತುತ್ತ. ಅದು ವಿಷ, ಕೈಗವಸು ಬೇಕು, ಅಡುಗೆಯ ಪಾತ್ರೆ ಬೇಡ. ಒಂದು ಸಲಕ್ಕೆ 3 ಮಿ.ಮೀ.ಗಿಂತ ದಪ್ಪ ಮೆತ್ತಿದರೆ ಆಷಾಢದ ತೇವದಲ್ಲಿ ಒಳಗೆ ಬೂಷ್ಟು ಬಂದು ಮೇಲ್ಮೈ ಬಿರಿಯುತ್ತದೆ. ಪೊರೆಗೆ ಬಣ್ಣವನ್ನು ನೀರು ಮಾಡಿ ಒಂದೇ ಮಗ್ಗುಲಿಗೆ ಹಚ್ಚಿ, ಹಿಂದಿನಿಂದ ಬೆಳಕು ಬಿದ್ದಾಗ ಬೆರಳಿನ ಗೆರೆ ಕಪ್ಪಾಗಿ ಕಾಣಬೇಕು.

ಪೆಟ್ಟಿಗೆಯಲ್ಲಿ ಎತ್ತಿಡಲು ರೆಕ್ಕೆ ಕಳಚುವಂತೆ ಮಾಡಬೇಕೆಂದರೆ, ಎದೆಯ ಮೂಲಕ ಹಾಯುವ ತಂತಿಯನ್ನು ಮೇಲ್ತೋಳಿನ ನಡುವೆ ಕತ್ತರಿಸಿ ಹಿತ್ತಾಳೆ ಕೊಳವೆಯಲ್ಲಿ ಕೂಡಿಸಿ. ಡ್ರ್ಯಾಗನ್ನಿನ ರೆಕ್ಕೆ ತನ್ನ ಭಾರವನ್ನಷ್ಟೇ ಹೊರುವುದರಿಂದ ಕೊಳವೆಯೊಳಗೆ ತಂತಿ 1 ಸೆಂ.ಮೀ. ಹೋದರೆ ಸಾಕು. ನಾಲ್ಕೂರಿ ನಿಂತ ವೈವರ್ನ್‌ನಲ್ಲಿ ಮೈಯ ಮುಂಭಾಗದ ಭಾರವೆಲ್ಲ ಆ ಕೊಳವೆಯ ಮೇಲೆಯೇ ಬೀಳುತ್ತದೆ, ಅಲ್ಲಿ 2 ಸೆಂ.ಮೀ.ಗೆ ಕಡಿಮೆ ಇರಬಾರದು.